ಕ್ಯಾನ್ಸರ್ ಫೈಲಿನಲ್ಲಿ ಹೃದಯಕ್ಕೂ ಒಂದು ಹಾಳೆ ಇಡಿ

ದೊಡ್ಡಮ್ಮನಿಗೆ ಎಡ ಸ್ತನದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದ್ದಾಗ ಒಂದು ಶನಿವಾರ ರಾತ್ರಿ ಹಾಸನಕ್ಕೆ ಹೋಗಿದ್ದೆ. ಅವರ ಹಾಸಿಗೆಯ ತಲೆದೆಸೆಯಲ್ಲಿ ಮೂರು ದಿಂಬು ಪೇರಿಸಿಟ್ಟಿತ್ತು.

"ಇದೇನು ದೊಡ್ಡಮ್ಮ, ಕೂತ್ಕೊಂಡೇ ನಿದ್ದೆ ಮಾಡ್ತೀರಾ?"

"ಅಂಗಾತ ಮಲಗಿದ್ರೆ ಉಸಿರು ಕಟ್ಟಿದ ಹಾಗಾಗತ್ತೆ ಕಣೋ. ಗ್ಯಾಸು ಅಷ್ಟೆ. ಮೊದಲು ಒಂದು ದಿಂಬು ಸಾಕಾಗ್ತಿತ್ತು."

ಗ್ಯಾಸ್ ಆಗಿರಲಿಲ್ಲ. ಸೋಮವಾರ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಹೃದಯ ತನ್ನೊಳಗೆ ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬ ಲೆಕ್ಕಕ್ಕೆ ಡಾಕ್ಟರುಗಳು ಇಎಫ್ ಅನ್ನುತ್ತಾರೆ. ಚಿಕಿತ್ಸೆಗೆ ಮುಂಚೆ 62 ಇದ್ದ ಅವರ ಇಎಫ್ 44ಕ್ಕೆ ಇಳಿದಿತ್ತು. ಮೂರು ತಿಂಗಳಿಗೊಮ್ಮೆ ಎಕೋ ಆಗಬೇಕು ಅಂತ ಡಿಸ್ಚಾರ್ಜ್ ಸಮರಿಯ ಕೊನೆಯ ಸಾಲಿನಲ್ಲಿ ಬರೆದೇ ಇತ್ತು. ಓದಬೇಕಾದವರು ನಾವು, ಓದಿರಲಿಲ್ಲ. ಸಾಲದ್ದಕ್ಕೆ "ಇಷ್ಟೊಂದು ಮಾತ್ರೆ ನುಂಗಿದರೆ ಹೊಟ್ಟೆ ಏನಾಗಬೇಕು" ಅಂತ ಅವರ ಹಳೇ ಬಿಪಿ ಮಾತ್ರೆಯನ್ನು ನಾವೇ ನಿಲ್ಲಿಸಿದ್ದೆವು.

ಆಮೇಲೆ ಎಲ್ಲ ಸರಿಹೋಯಿತು, ಅದನ್ನು ಮುಂದೆ ಹೇಳುತ್ತೇನೆ. ಆ ಎರಡು ವರ್ಷದ ಓಡಾಟದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಕ್ಯಾನ್ಸರ್ ಡಾಕ್ಟರ ಗಮನ ಗಡ್ಡೆಯ ಮೇಲಿರುತ್ತದೆ, ಹೃದಯದ ಡಾಕ್ಟರ ಗಮನ ಹೃದಯದ ಮೇಲೆ. ಇಬ್ಬರ ನಡುವೆ ಓಡಾಡುವುದು ಒಂದು ಪ್ಲಾಸ್ಟಿಕ್ ಫೈಲು. ಅದನ್ನು ಕಂಕುಳಲ್ಲಿ ಇಟ್ಟುಕೊಂಡಿರುವವರು ನೀವು.

ಇದು ಎಷ್ಟು ಜನರ ಕಷ್ಟ ಎಂಬುದಕ್ಕೆ ಒಂದು ಅಂಕಿ. ಅಮೆರಿಕದಲ್ಲಿ 1973ರಿಂದ 2012ರವರೆಗೆ ಕ್ಯಾನ್ಸರ್ ಪತ್ತೆಯಾದ 32 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಸಂಶೋಧಕರು ನೋಡಿದರು. ಅವರಲ್ಲಿ ಶೇಕಡಾ 38ರಷ್ಟು ಜನ ಕ್ಯಾನ್ಸರ್‌ನಿಂದಲೇ ತೀರಿಕೊಂಡಿದ್ದರೆ, ಶೇಕಡಾ 11ರಷ್ಟು ಜನರನ್ನು ಒಯ್ದದ್ದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಕ್ಯಾನ್ಸರ್ ಗೊತ್ತಾದ ಮೊದಲ ವರ್ಷದಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಕಾರಣ ಔಷಧಿ ಒಂದೇ ಅಲ್ಲ. ಬೀಡಿ ಸಿಗರೇಟು, ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ರೋಗಕ್ಕೆ ದಾರಿ ಮಾಡುತ್ತವೆ. ಕ್ಯಾನ್ಸರ್ ಇದ್ದಾಗ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೇಲಾಗಿ ಮನೆಮಂದಿಯೆಲ್ಲ ಕ್ಯಾನ್ಸರಿನ ಗಾಬರಿಯಲ್ಲಿರುವಾಗ ಹಳೇ ಬಿಪಿ ಶುಗರನ್ನು ಕೇಳುವವರೇ ಇರುವುದಿಲ್ಲ.

ಮೊದಲ ಕೀಮೋಗೆ ಮುಂಚೆ

ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಲ್ಗಡೆ "ಹೃದಯ" ಅಂತ ದೊಡ್ಡದಾಗಿ ಬರೆಯಿರಿ. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಅದೇ ಇರಲಿ. ವಯಸ್ಸು, ಬಿಪಿ ಎಷ್ಟು ವರ್ಷದಿಂದ, ಶುಗರ್ ಎಷ್ಟು ವರ್ಷದಿಂದ, ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತೇ, ಸ್ಟೆಂಟ್ ಹಾಕಿದ್ದಾರೆಯೇ, ಧೂಮಪಾನ ಉಂಟೇ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದಿತ್ತೇ, ಇದಕ್ಕೂ ಮುಂಚೆ ಯಾವತ್ತಾದರೂ ಕೀಮೋ ಅಥವಾ ಎದೆಗೆ ರೇಡಿಯೇಶನ್ ಆಗಿದೆಯೇ, ಎಲ್ಲವನ್ನೂ ಬರೆಯಿರಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ಸ್ಟ್ರಿಪ್ ನೋಡಿಯೇ ಬರೆಯಿರಿ, ಎಂಜಿ ಸಮೇತ. "ಬೆಳಗ್ಗೆ ಬಿಳೀ ಮಾತ್ರೆ, ರಾತ್ರಿ ಹಳದಿ ಮಾತ್ರೆ" ಅಂದರೆ ಒಪಿಡಿಯಲ್ಲಿ ಯಾರಿಗೂ ಉಪಯೋಗವಿಲ್ಲ.

ಆಮೇಲೆ ಪರೀಕ್ಷೆಗಳು. ಬಿಪಿ, ಇಸಿಜಿ, ಶುಗರ್, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್ ಬೇಕೇ ಬೇಕು. ಹೃದಯಕ್ಕೆ ಹೊರೆಯಾಗುವ ಔಷಧಿ ಕೊಡುವುದಿದ್ದರೆ ಎಕೋ ಕೂಡ. ಅಪಾಯ ಹೆಚ್ಚಿರುವವರಿಗೆ ಟ್ರೋಪೋನಿನ್, ಬಿಎನ್‌ಪಿ ಎಂಬ ರಕ್ತಪರೀಕ್ಷೆಗಳನ್ನೂ ಬರೆದುಕೊಡುತ್ತಾರೆ. ಮೊದಲೇ ಹಾರ್ಟ್ ಅಟ್ಯಾಕ್ ಆದವರು, ಪಂಪಿಂಗ್ ಕಡಿಮೆ ಇರುವವರು, ಕವಾಟದ ತೊಂದರೆ ಇರುವವರು ಕೀಮೋ ಶುರುವಾಗುವ ಮುಂಚೆಯೇ ಹೃದಯ ತಜ್ಞರನ್ನು ನೋಡಲೇಬೇಕು. ಇವೆಲ್ಲ ಒಂದೆರಡು ದಿನದ ಕೆಲಸ. ಹೃದಯದ ಹೆಸರು ಹೇಳಿಕೊಂಡು ಕ್ಯಾನ್ಸರ್ ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡುವುದೂ ತಪ್ಪೇ.

ಎಕೋ ಬಗ್ಗೆ ಒಂದು ಮಾತು. ಒಂದೇ ಹೃದಯವನ್ನು ಇಬ್ಬರು ಅಳೆದರೆ ಇಎಫ್‌ನಲ್ಲಿ ಐದಾರು ಅಂಕ ಆಚೀಚೆ ಬರುವುದು ಮಾಮೂಲು. ಹಾಗಾಗಿ ಮೊದಲ ಎಕೋ ಎಲ್ಲಿ ಮಾಡಿಸಿದಿರೋ ಸಾಧ್ಯವಾದಷ್ಟೂ ಅಲ್ಲೇ ಮುಂದಿನದ್ದನ್ನೂ ಮಾಡಿಸಿ, ಹಳೇ ರಿಪೋರ್ಟನ್ನು ಕೈಯಲ್ಲಿ ಹಿಡಿದೇ ಹೋಗಿ. ಸ್ಟ್ರೇನ್ ಎಂಬ ಅಳತೆ ಸಿಗುವ ಕಡೆ ಅದನ್ನೂ ಬರೆಸಿಕೊಳ್ಳಿ. ಇಎಫ್ ಇಳಿಯುವುದಕ್ಕೆ ಮುಂಚೆಯೇ ಹೃದಯದ ಸ್ನಾಯು ಸೋಲುತ್ತಿರುವುದನ್ನು ಅದು ಹೇಳುತ್ತದೆ.

ಕೊನೆಗೆ ಕ್ಯಾನ್ಸರ್ ಡಾಕ್ಟರ ಹತ್ತಿರ ಎರಡೇ ಪ್ರಶ್ನೆ: "ಸರ್, ಈ ಔಷಧಿಗಳಲ್ಲಿ ಹೃದಯಕ್ಕೆ ತೊಂದರೆ ಕೊಡೋದು ಯಾವುದು? ಮುಂದಿನ ಎಕೋ ಯಾವತ್ತು?" ಉತ್ತರವನ್ನು ಅಲ್ಲೇ ಹಾಳೆಯಲ್ಲಿ ಬರೆದುಕೊಳ್ಳಿ. ಮನೆಗೆ ಬಂದು ಬರೆದರಾಯಿತು ಅಂದುಕೊಂಡರೆ ಬರೆಯುವುದಿಲ್ಲ.

ನಿಮಗೆ ಕೊಡುತ್ತಿರುವ ಔಷಧಿ ಯಾವುದು

ಎಲ್ಲ ಕೀಮೋ ಹೃದಯವನ್ನು ಮುಟ್ಟುವುದಿಲ್ಲ. ಮುಟ್ಟುವವೂ ಒಂದೇ ರೀತಿ ಮುಟ್ಟುವುದಿಲ್ಲ.

ಡೇಕೇರ್‌ನಲ್ಲಿ ನರ್ಸ್ ಕೆಂಪು ಬಣ್ಣದ ಔಷಧಿ ತಂದರೆ ಅದು ಹೆಚ್ಚಾಗಿ ಡಾಕ್ಸೊರುಬಿಸಿನ್ ಅಥವಾ ಅದರ ದಾಯಾದಿ ಎಪಿರುಬಿಸಿನ್. ಸ್ತನದ ಕ್ಯಾನ್ಸರ್, ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್, ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್‌ಗಳಿಗೆ ಕೊಡುತ್ತಾರೆ. ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಗಮನ ಇಡಬೇಕಾದ್ದು ಒಟ್ಟು ಮೊತ್ತದ ಮೇಲೆ, ಯಾಕೆಂದರೆ ಇದರ ಪೆಟ್ಟು ಡೋಸಿನ ಮೇಲೆ ಡೋಸು ಸೇರಿ ಬೆಳೆಯುತ್ತದೆ. ದೇಹದ ಒಂದು ಚದರ ಮೀಟರ್ ಮೈಹರವಿಗೆ ಡಾಕ್ಸೊರುಬಿಸಿನ್ ಒಟ್ಟು 400 ಎಂಜಿ ತಲುಪಿದವರಲ್ಲಿ ನೂರಕ್ಕೆ ಸುಮಾರು 5 ಜನರಿಗೆ ಹೃದಯ ಸೋತರೆ, 550 ತಲುಪಿದವರಲ್ಲಿ ನೂರಕ್ಕೆ 26 ಜನರಿಗೆ ಎಂದು ಹಳೆಯ ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದ್ದಾರೆ. ಸ್ತನದ ಕ್ಯಾನ್ಸರಿನ ಸಾಮಾನ್ಯ ನಾಲ್ಕು ಸುತ್ತಿಗೆ ಬರುವ ಮೊತ್ತ 240, ಅಂದರೆ ಈ ಗೆರೆಗಿಂತ ಬಹಳ ಕೆಳಗೆ. ಆದರೆ ಹತ್ತು ವರ್ಷದ ನಂತರ ಕ್ಯಾನ್ಸರ್ ಮರಳಿ ಬಂದರೆ ಹೊಸ ಡಾಕ್ಟರ್ ಮೊದಲು ಕೇಳುವುದೇ "ಆಗ ಒಟ್ಟು ಎಷ್ಟು ಕೊಟ್ಟಿದ್ದರು?" ಎಂದು. ಪ್ರತಿ ಸುತ್ತಿನ ಡೋಸನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಗಡ್ಡೆಯ ಪರೀಕ್ಷೆಯಲ್ಲಿ ಹರ್-2 ಎಂಬ ಪ್ರೋಟೀನ್ ಹೆಚ್ಚಿದೆ, ಅಂದರೆ ಹರ್-2 ಪಾಸಿಟಿವ್, ಎಂದು ಬಂದವರಿಗೆ ಟ್ರಾಸ್ಟುಜುಮ್ಯಾಬ್. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಸಮಾನ ಔಷಧಿಯನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೆಸರು ಯಾವುದಿದ್ದರೂ ನಿಯಮ ಒಂದೇ: ಶುರುವಿಗೆ ಮುಂಚೆ ಎಕೋ, ಆಮೇಲೆ ಮೂರು ತಿಂಗಳಿಗೊಮ್ಮೆ, ಮುಗಿದ ಮೇಲೆ ಒಂದು ವರ್ಷದೊಳಗೆ ಮತ್ತೊಮ್ಮೆ. ಇದರಿಂದ ಇಳಿದ ಪಂಪಿಂಗ್ ಹೆಚ್ಚಿನವರಲ್ಲಿ ಮತ್ತೆ ಏರುತ್ತದೆ. ನಮ್ಮ ದೊಡ್ಡಮ್ಮನದ್ದು ಇದೇ ಕಥೆ.

ಕರುಳು, ಹೊಟ್ಟೆ, ಸ್ತನದ ಕ್ಯಾನ್ಸರ್‌ಗೆ ಮನೆಯಲ್ಲೇ ನುಂಗುವ ಕ್ಯಾಪೆಸಿಟಾಬಿನ್ ಮಾತ್ರೆ ಮತ್ತು ಪಂಪಿನಲ್ಲಿ ಹರಿಸುವ 5-ಎಫ್‌ಯು ಹೃದಯದ ರಕ್ತನಾಳವನ್ನು ಹಿಂಡಿ ಬಿಗಿಯುವಂತೆ ಮಾಡಬಹುದು. ಸುತ್ತು ಶುರುವಾದ ಮೊದಲ ಕೆಲವು ದಿನಗಳಲ್ಲಿ ಎದೆನೋವು ಬಂದರೆ ಮುಂದಿನ ಮಾತ್ರೆ ನುಂಗಬೇಡಿ, ಸೀದಾ ಆಸ್ಪತ್ರೆಗೆ ನಡೆಯಿರಿ. ಹಿಂದೆ ಹೃದಯದ ಕಾಯಿಲೆ ಇಲ್ಲದವರಿಗೂ ಇದು ಆಗುತ್ತದೆ.

ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿಯಲ್ಲಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆಯಲ್ಲಿ, ಹೃದಯದ ಸ್ನಾಯು ಉರಿಯೂತಕ್ಕೆ ಒಳಗಾಗುವುದು ಅಪರೂಪ, ಆದರೆ ಹಾಗಾಗಿಬಿಟ್ಟರೆ ಜೀವಕ್ಕೇ ಕುತ್ತು. ಮೊದಲ ಮೂರು ತಿಂಗಳು ಎಚ್ಚರ ಬೇಕು. ಏದುಸಿರು, ಮೈಕೈ ಸ್ನಾಯು ನೋವು, ಕಣ್ಣಿನ ರೆಪ್ಪೆ ಜೋತು ಬೀಳುವುದು ಒಟ್ಟಿಗೆ ಕಂಡರೆ ಬೆಳಗಾಗುವ ತನಕ ಕಾಯಬೇಡಿ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಬೆವಾಸಿಜುಮ್ಯಾಬ್, ಸುನಿಟಿನಿಬ್ ಬಿಪಿ ಏರಿಸುತ್ತವೆ. ಇಬ್ರೂಟಿನಿಬ್ ಎದೆಬಡಿತದ ತಾಳ ತಪ್ಪಿಸುತ್ತದೆ. ಥಾಲಿಡೊಮೈಡ್, ಲೆನಾಲಿಡೊಮೈಡ್ ರಕ್ತ ಹೆಪ್ಪುಗಟ್ಟಿಸುತ್ತವೆ, ಅದಕ್ಕೇ ಜೊತೆಗೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಇನ್ನೊಂದು ಔಷಧಿ ಕೊಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಇಂಜೆಕ್ಷನ್‌ನಿಂದ ಗಂಡಸರ ಹೊಟ್ಟೆಯ ಬೊಜ್ಜು, ಶುಗರ್, ಕೊಲೆಸ್ಟ್ರಾಲ್ ಮೂರೂ ಏರುತ್ತವೆ. ವಾಂತಿ ನಿಲ್ಲಿಸಲು ಕೊಡುವ ಡೆಕ್ಸಾಮೆಥಸೋನ್ ಕೂಡ ಮೂರು ನಾಲ್ಕು ದಿನ ಶುಗರನ್ನು ಆಕಾಶಕ್ಕೇರಿಸುತ್ತದೆ.

ಕರೆಂಟು ಕೊಡುವಾಗ

ನಮ್ಮ ಕಡೆ ರೇಡಿಯೇಶನ್ನಿಗೆ ಕರೆಂಟು ಕೊಡುವುದು ಅನ್ನುತ್ತಾರೆ. ಎಡ ಸ್ತನ, ಅನ್ನನಾಳ, ಶ್ವಾಸಕೋಶ, ಎದೆಗೂಡಿನ ಲಿಂಫೋಮಾಗಳಿಗೆ ಕೊಡುವಾಗ ಒಂದಿಷ್ಟು ಕಿರಣ ಹೃದಯದ ಮೇಲೂ ಬೀಳುತ್ತದೆ. ಸ್ವೀಡನ್ ಮತ್ತು ಡೆನ್ಮಾರ್ಕ್‌ನ 2,168 ಮಹಿಳೆಯರ ದಾಖಲೆ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ (ಕಿರಣವನ್ನು ಅಳೆಯುವ ಮಾನ) ಹೆಚ್ಚಿದಂತೆಲ್ಲ ಹೃದಯಾಘಾತದಂಥ ದೊಡ್ಡ ತೊಂದರೆಯ ಅಪಾಯ ಶೇಕಡಾ 7.4ರಷ್ಟು ಏರುತ್ತದೆ. ಐದು ವರ್ಷದೊಳಗೇ ಶುರುವಾಗಿ ಕನಿಷ್ಠ ಇಪ್ಪತ್ತು ವರ್ಷ ಇದು ಇರುತ್ತದೆ. ಆ ಮಹಿಳೆಯರಿಗೆ ಚಿಕಿತ್ಸೆಯಾದದ್ದು 1958ರಿಂದ 2001ರ ನಡುವೆ, ಈಗಿನ ಯಂತ್ರಗಳು ಹೃದಯವನ್ನು ಇನ್ನೂ ಚೆನ್ನಾಗಿ ತಪ್ಪಿಸುತ್ತವೆ.

ಪ್ಲಾನಿಂಗ್ ಸ್ಕ್ಯಾನ್ ದಿನ ಕೇಳಬೇಕಾದ್ದು: "ಉಸಿರು ಹಿಡಿದು ಕೊಡುವ ವಿಧಾನ ಇಲ್ಲಿ ಇದೆಯಾ?" ದೀರ್ಘವಾಗಿ ಉಸಿರೆಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಇಪ್ಪತ್ತು ಸೆಕೆಂಡು ಉಸಿರು ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋದರೆ ಒಳ್ಳೆಯದು.

ಬೆಳಗಿನ ಹತ್ತು ನಿಮಿಷ

ಆಸ್ಪತ್ರೆಯಲ್ಲಿ ಡಾಕ್ಟರ್ ನೋಡುವುದು ಮೂರು ವಾರಕ್ಕೊಮ್ಮೆ, ಐದು ನಿಮಿಷ. ಉಳಿದ ದಿನಗಳ ಕಣ್ಣು ಮನೆಯವರದ್ದು.

ಬೆಳಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ತೂಕ. ದಿನಾ ಒಂದೇ ಯಂತ್ರ, ಹೆಚ್ಚುಕಡಿಮೆ ಒಂದೇ ಬಟ್ಟೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಉಂಡದ್ದಲ್ಲ, ಮೈಯಲ್ಲಿ ನಿಂತ ನೀರು. ಕೀಮೋದಲ್ಲಿ ಸರಿಯಾಗಿ ಊಟ ಸೇರದವರ ತೂಕ ಏರಿದರೆ ನಾವು ಖುಷಿ ಪಡುತ್ತೇವೆ. ದೊಡ್ಡಮ್ಮನ ತೂಕ ಏರಿದಾಗ ನಾವೂ ಪಟ್ಟಿದ್ದೆವು.

ಆಮೇಲೆ ಐದು ನಿಮಿಷ ಸುಮ್ಮನೆ ಕೂತು ಬಿಪಿ. ತೋಳಿಗೆ ಕಟ್ಟುವ ಯಂತ್ರ ಸಾಕು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ತೋಳು ಬೇಡ, ಇನ್ನೊಂದಕ್ಕೆ ಕಟ್ಟಿ. 140/90 ಮೇಲೇ ನಿಂತುಬಿಟ್ಟರೆ ಡಾಕ್ಟರಿಗೆ ತಿಳಿಸಿ. 180/110 ದಾಟಿದರೆ ಅವತ್ತೇ ಹೋಗಿ.

ಇನ್ನು ಕಾಲು. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವ ತನಕ ಒತ್ತಿ. ಬೆರಳು ತೆಗೆದಾಗ ಚಪಾತಿ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಉಳಿದರೆ ನೀರು ತುಂಬಿದೆ. ಕಾಲುಂಗುರ ಬಿಗಿಯಾಗುವುದು, ಕಾಲುಚೈನು ಗುರುತು ಬಿಡುವುದು ಇನ್ನೂ ಮುಂಚೆ ಕಾಣುತ್ತದೆ. ಎರಡೂ ಕಾಲು ಸಮನಾಗಿ ಊದಿದರೆ ಹೃದಯದ ಕಡೆ ಅನುಮಾನ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗ ಅದನ್ನು ನೀವಬೇಡಿ, ಎಣ್ಣೆ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಹಾಸನದಿಂದ ಬೆಂಗಳೂರಿಗೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಹೋಗುವವರು ಮಧ್ಯೆ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು.

ಕೊನೆಯದು ದಿಂಬಿನ ಲೆಕ್ಕ ಮತ್ತು ಮೆಟ್ಟಿಲಿನ ಲೆಕ್ಕ. ಕೀಮೋ ಸುಸ್ತಿಗೂ ಹೃದಯದ ಸುಸ್ತಿಗೂ ವ್ಯತ್ಯಾಸ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕೀಮೋ ಸುಸ್ತು ಸಾಮಾನ್ಯವಾಗಿ ಮೊದಲ ವಾರ ಮೈಮುರಿದು, ಮುಂದಿನ ಸುತ್ತು ಬರುವ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ಹೃದಯದ ಸುಸ್ತು ಇಳಿಯದೆ ಏರುತ್ತಲೇ ಹೋಗುತ್ತದೆ. ಹೋದ ತಿಂಗಳು ಒಂದೇ ಉಸಿರಿಗೆ ಹತ್ತಿದ ಮಹಡಿಗೆ ಈಗ ಎರಡು ಕಡೆ ನಿಲ್ಲಬೇಕಾಗುತ್ತದೆ. ಅಂಗಾತ ಮಲಗಿದರೆ ಕೆಮ್ಮು, ನಡುರಾತ್ರಿ ಉಸಿರು ಸಾಲದೆ ಎದ್ದು ಕಿಟಕಿ ತೆಗೆಯುವುದು. ಇವನ್ನು ರೋಗಿ ತಾನಾಗಿ ಹೇಳುವುದಿಲ್ಲ, ಹೇಳಿದರೆ ಇನ್ನೊಂದು ಸಲ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆಂಬ ಭಯ. ಹಾಗಾಗಿ "ಹೇಗಿದೀರಾ?" ಅಂತ ಕೇಳಬೇಡಿ, "ಚೆನ್ನಾಗಿದೀನಿ" ಅಂತಲೇ ಉತ್ತರ ಬರುತ್ತದೆ. "ನಿನ್ನೆ ರಾತ್ರಿ ಎಷ್ಟು ದಿಂಬು?" ಅಂತ ಕೇಳಿ.

ಕಾಯಬಾರದ್ದು

ಎದೆಯಲ್ಲಿ ಹಿಂಡಿದಂಥ ನೋವು, ದವಡೆಗೋ ಎಡಗೈಗೋ ಹರಡುವ ನೋವು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಉಸಿರು ಸಿಗದಿರುವುದು, ತಲೆಸುತ್ತಿ ಬೀಳುವುದು, ಎದೆಬಡಿತ ಹುಚ್ಚಾಪಟ್ಟೆ ಓಡುವುದು, ಕೆಮ್ಮಿನಲ್ಲಿ ರಕ್ತ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಕೀಮೋ ಕೊಟ್ಟ ಆಸ್ಪತ್ರೆಗೇ ಹೋಗುತ್ತೇವೆ ಅಂತ ನೂರಾರು ಕಿಲೋಮೀಟರ್ ಕಾರು ಓಡಿಸಬೇಡಿ. ಕ್ಯಾಶುವಾಲ್ಟಿಯಲ್ಲಿ ಮೊದಲ ವಾಕ್ಯವೇ "ಇವರಿಗೆ ಕೀಮೋ ನಡೀತಿದೆ, ಕೊನೆಯ ಡೋಸ್ ಇಂಥ ದಿನ" ಎಂದಿರಲಿ, ಹಾಳೆಯನ್ನು ಡ್ಯೂಟಿ ಡಾಕ್ಟರ ಕೈಗಿಡಿ.

ನಮ್ಮ ಜನಕ್ಕೆ ಎದೆಯಲ್ಲಿ ಏನಾದರೂ ಅದು ಗ್ಯಾಸ್ಟ್ರಿಕ್. ಒಂದು ಈನೋ ಕುಡಿದು, ಜೀರಿಗೆ ನೀರು ಕುಡಿದು ಮಲಗುತ್ತಾರೆ. ಈನೋದಲ್ಲಿ ಇರುವುದು ಸೋಡಿಯಂ, ಉಪ್ಪಿನಲ್ಲಿರುವುದೂ ಅದೇ, ಸೋತ ಹೃದಯಕ್ಕೆ ಬೇಡವಾದದ್ದೂ ಅದೇ.

ಮಾತ್ರೆ, ಕಷಾಯ, ಚಕ್ಕೋತ

ಬಿಪಿ, ಕೊಲೆಸ್ಟ್ರಾಲ್, ಆಸ್ಪಿರಿನ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಬೇಕಾದ ಸಂದರ್ಭಗಳೂ ಉಂಟು: ವಾಂತಿ ಭೇದಿಯಾಗಿ ಬಿಪಿ ತೀರಾ ಇಳಿದಾಗ ಬಿಪಿ ಮಾತ್ರೆಯನ್ನು, ಪ್ಲೇಟ್‌ಲೆಟ್ ಕುಸಿದಾಗ ಆಸ್ಪಿರಿನ್ ಅನ್ನು ತಡೆಹಿಡಿಯುತ್ತಾರೆ. ಆದರೆ ಅದನ್ನು ಡಾಕ್ಟರ್ ಹೇಳಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನೂ ಹೇಳಿಸಿಕೊಂಡು ಬರಬೇಕು. ಎರಡನೆಯದನ್ನೇ ಎಲ್ಲರೂ ಮರೆಯುವುದು.

ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮೈಯಲ್ಲಿ ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ. ಒಣಕೆಮ್ಮಿಗೆ ಅಜ್ಜಿ ಕೊಡುವ ಜ್ಯೇಷ್ಠಮಧು ಕೂಡ ಸಾಧುವಲ್ಲ, ದಿನಾ ಜಗಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ನಡೆಯುತ್ತಿರುವಾಗ ಪೊಟ್ಯಾಸಿಯಂ ಇಳಿದರೆ ಹೃದಯದ ಲಯ ತಪ್ಪುವ ಸಾಧ್ಯತೆ ಹೆಚ್ಚು. ದೇವನಹಳ್ಳಿಯ ಕಡೆಯಿಂದ ಯಾರಾದರೂ ಪ್ರೀತಿಯಿಂದ ಚಕ್ಕೋತ ತಂದರೆ ತಿನ್ನುವ ಮುಂಚೆ ಕೇಳಿ. ಚಕ್ಕೋತವೂ ಅದರ ಜಾತಿಯ ಗ್ರೇಪ್‌ಫ್ರೂಟೂ ಇಬ್ರೂಟಿನಿಬ್, ನಿಲೋಟಿನಿಬ್‌ನಂಥ ಕೆಲವು ಕ್ಯಾನ್ಸರ್ ಮಾತ್ರೆಗಳು ರಕ್ತದಲ್ಲಿ ಹೆಚ್ಚು ಉಳಿಯುವಂತೆ ಮಾಡುತ್ತವೆ.

ಬಾಯಿಗೆ ರುಚಿ ಇಲ್ಲವೆಂದು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಕೈಹೋಗುವುದು ಸಹಜ. ಕಾಲು ಊದಿರುವವರಿಗೆ ಅದು ಬೇಡ. ನಿಂಬೆಹಣ್ಣು, ಕೊತ್ತಂಬರಿ, ಮೆಣಸುಪುಡಿ ಹಾಕಿ ರುಚಿ ಹೆಚ್ಚಿಸಿ. ನಡಿಗೆ ಬಿಡಬೇಡಿ, ಅಂಗಳದಲ್ಲಿ ಹತ್ತು ನಿಮಿಷವಾದರೂ ಸರಿ.

ಇಎಫ್ ಇಳಿದಿದೆ ಅಂದರೆ

ಹತ್ತು ಅಂಕ ಅಥವಾ ಹೆಚ್ಚು ಇಳಿದು 50ಕ್ಕಿಂತ ಕೆಳಗೆ ಬಂದರೆ ಡಾಕ್ಟರುಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆ ದಿನ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ: "ಕೀಮೋನೇ ಬೇಡ" ಅನ್ನುವುದು ಒಂದು, "ಹೃದಯ ಹೋಯ್ತು" ಅನ್ನುವುದು ಇನ್ನೊಂದು. ಎರಡಕ್ಕೂ ಕಿವಿಗೊಡಬೇಡಿ. ಇಟಲಿಯ ಮಿಲಾನ್‌ನಲ್ಲಿ ಕೆಂಪು ಔಷಧಿಯ ಗುಂಪಿಗೆ ಸೇರಿದ ಔಷಧಿ ಪಡೆದ 2,625 ಜನರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ವರದಿ ಮಾಡಿದರು. ನೂರಕ್ಕೆ 9 ಜನರಿಗೆ ಹೃದಯಕ್ಕೆ ಪೆಟ್ಟಾಗಿತ್ತು, ಅದರಲ್ಲಿ ಶೇಕಡಾ 98 ಪ್ರಕರಣಗಳು ಮೊದಲ ವರ್ಷದಲ್ಲೇ ಸಿಕ್ಕಿದ್ದವು. ಕೂಡಲೇ ಎನಾಲಾಪ್ರಿಲ್ ಮತ್ತು ಬೀಟಾ ಬ್ಲಾಕರ್ ಎಂಬ ಹೃದಯದ ಮಾತ್ರೆಗಳನ್ನು ಶುರು ಮಾಡಿದ್ದರಿಂದ ಪೆಟ್ಟಾದವರ ಪೈಕಿ ನೂರಕ್ಕೆ 82 ಜನರಲ್ಲಿ ಪಂಪಿಂಗ್ ಪೂರ್ತಿಯಾಗಿಯೋ ಸ್ವಲ್ಪಮಟ್ಟಿಗೋ ಚೇತರಿಸಿತು.

ದೊಡ್ಡಮ್ಮನಿಗೆ ಟ್ರಾಸ್ಟುಜುಮ್ಯಾಬನ್ನು ಆರು ವಾರ ನಿಲ್ಲಿಸಿದರು. ರಾಮಿಪ್ರಿಲ್, ಕಾರ್ವೆಡಿಲಾಲ್, ನೀರು ಇಳಿಸುವ ಮಾತ್ರೆ ಕೊಟ್ಟರು. ಇಎಫ್ 53ಕ್ಕೆ ಬಂದ ಮೇಲೆ ಔಷಧಿ ಮತ್ತೆ ಶುರುವಾಯಿತು. ಆ ಆರು ವಾರದ ನಿರ್ಧಾರವನ್ನು ಇಬ್ಬರು ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡೇ ಮಾಡಿದರು. ಫೋನು ಹಚ್ಚಿಸಿದ್ದು ಮಾತ್ರ ನಾವು, ಹೃದಯದ ಡಾಕ್ಟರ ಮುಂದೆ ಕೂತು "ಅವರ ನಂಬರ್ ಇಲ್ಲಿದೆ ಸರ್, ಈಗಲೇ ಮಾತಾಡಿಬಿಡಿ" ಅಂತ. ಸಂಕೋಚ ಮಾಡಿಕೊಳ್ಳಬೇಡಿ, ಯಾರೂ ಬೈಯುವುದಿಲ್ಲ.

ಬೆಂಗಳೂರಿನಲ್ಲಿ ಸರ್ಕಾರದ ಕಡೆಯಿಂದ ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ ಇವೆ. ಜಯದೇವದ ಆಸ್ಪತ್ರೆಗಳು ಮೈಸೂರು, ಕಲಬುರಗಿಯಲ್ಲೂ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯಾವುದು ಸೇರುತ್ತದೆ, ಯಾವುದು ಇಲ್ಲ ಎಂದು ಬಿಲ್ ಕಟ್ಟುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಕೇಳಿ.

ಕೊನೆಯ ಡೋಸಿನ ದಿನ

ಅವತ್ತು ಎಲ್ಲರಿಗೂ ಸಿಹಿ ಹಂಚುವ ಆತುರ. ಅದಕ್ಕೆ ಮುಂಚೆ ಹಾಳೆಯಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಯಾವ ಔಷಧಿ ಒಟ್ಟು ಎಷ್ಟು ಎಂಜಿ ಹೋಯಿತು, ರೇಡಿಯೇಶನ್ ಎಲ್ಲಿಗೆ ಎಷ್ಟು ಗ್ರೇ, ಮುಂದಿನ ಎಕೋ ಯಾವ ತಿಂಗಳು. ಕೆಂಪು ಔಷಧಿ ಪಡೆದವರಿಗೆ ಮುಗಿದ ವರ್ಷದೊಳಗೆ ಒಂದು ಎಕೋ ಆಗಲೇಬೇಕು. ಚಿಕ್ಕಂದಿನಲ್ಲಿ ಲ್ಯುಕೇಮಿಯಾಗೆ (ರಕ್ತದ ಕ್ಯಾನ್ಸರ್) ಇಂಥ ಔಷಧಿ ಪಡೆದ ಮಕ್ಕಳಿಗೆ ಹೃದಯದ ತಪಾಸಣೆ ಜೀವನಪೂರ್ತಿ ಬೇಕು. ಅಂಥ ಹುಡುಗಿ ಮುಂದೆ ಬಸುರಿಯಾದಾಗ ಹೆರಿಗೆ ಡಾಕ್ಟರಿಗೂ ಈ ಹಾಳೆ ತೋರಿಸಬೇಕು.

ಹಾಳೆಯ ಒಂದು ಜೆರಾಕ್ಸ್ ಊರಿನ ಡಾಕ್ಟರ ಹತ್ತಿರ, ಇನ್ನೊಂದರ ಫೋಟೊ ಮಕ್ಕಳ ಮೊಬೈಲಿನಲ್ಲಿ ಇರಲಿ. ದೊಡ್ಡಮ್ಮ ತಮ್ಮದನ್ನು ಲ್ಯಾಮಿನೇಟ್ ಮಾಡಿಸಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾರೆ. ಮುಂದಿನ ಎಕೋ ತಿಂಗಳಿಗೆ ಕುಂಕುಮದಲ್ಲಿ ಗುಂಡು ಸುತ್ತಿದ್ದಾರೆ. ಈಗ ಒಂದೇ ದಿಂಬು.